ಗ್ರೈಂಡರ್ ಅಂದೆ, ಹಿಟ್ಟು ಅನ್ನಲಿಲ್ಲ

ನೀವು ಇದನ್ನು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನನ್ನನ್ನು ಪೂರ್ತಿ ನಂಬಿದವಳು ಈ ಲೋಕದಲ್ಲಿ ನಮ್ಮವ್ವ ಒಬ್ಬಳೇ. ಆ ನಂಬಿಕೆಯಿಂದ ಏನಾಯಿತು ಅನ್ನುವುದೇ ಈ ಬರಹ.

ನನ್ನ ಹೆಸರು ಧನಂಜಯ, ಊರವರ ಬಾಯಲ್ಲಿ ಧನು. ವಯಸ್ಸು ಹತ್ತೊಂಬತ್ತು. ವೃತ್ತಿಯಿಂದ ನಿವೃತ್ತ. ನಿವೃತ್ತರಾದವರು ತಮ್ಮ ಅನುಭವವನ್ನು ಕಿರಿಯರಿಗಾಗಿ ಬರೆದಿಡಬೇಕಂತೆ. ನನ್ನ ಕ್ಷೇತ್ರಕ್ಕೆ ಹೊಸದಾಗಿ ಬರುವ ಕಿರಿಯರಲ್ಲಿ ಹೆಚ್ಚಿನವರು ನನಗಿಂತ ದೊಡ್ಡವರು, ಕೆಲವರ ಮಕ್ಕಳು ಶಾಲೆಗೆ ಹೋಗುತ್ತಾರೆ. ಆದರೂ ಅನುಭವ ಅನುಭವವೇ. ಬೇರೆಯವರು ತಲೆ ನೆರೆಯುವ ತನಕ ಮಾಡುವ ತಪ್ಪುಗಳನ್ನೆಲ್ಲ ನಾನು ಮೀಸೆ ಬಲಿಯುವುದರೊಳಗೆ ಮಾಡಿ ಮುಗಿಸಿದ್ದೇನೆ.

ನನ್ನ ವೃತ್ತಿ ಗ್ರೈಂಡರ್. ಇದನ್ನು ಓದಿದಾಗ ನಿಮ್ಮ ಕಣ್ಣ ಮುಂದೆ ಏನು ಬಂತೋ ಅದರ ಮೇಲೆಯೇ ಇಡೀ ಕಥೆ ನಿಂತಿದೆ. ವೆಲ್ಡಿಂಗ್ ಶಾಪಿನವರಿಗೆ ಗ್ರೈಂಡರ್ ಅಂದರೆ ಕೈಯಲ್ಲಿ ಹಿಡಿಯುವ ಮಷೀನು. ಮೂತಿಯಲ್ಲಿ ತೆಳ್ಳಗಿನ ಚಕ್ರ, ಅದು ತಿರುಗಿದರೆ ಕಬ್ಬಿಣ ಕತ್ತರಿಸುತ್ತದೆ, ಕಿಡಿ ಕಾರುತ್ತದೆ. ನಮ್ಮವ್ವನಿಗೆ ಗ್ರೈಂಡರ್ ಅಂದರೆ ಅಕ್ಕಿ ಉದ್ದು ಹಾಕಿದರೆ ದೋಸೆ ಹಿಟ್ಟು ಕೊಡುವಂಥದ್ದು. ಇನ್ನೊಂದು ಅರ್ಥ ಇರಬಹುದು ಅಂತ ಅವಳಿಗೆ ಹೊಳೆದಿರಲಿಲ್ಲ, ಹೊಳೆಸುವ ಕೆಲಸ ನಾನೂ ಮಾಡಲಿಲ್ಲ.

ನಮ್ಮದು ಬಾಳ್ಳುಪೇಟೆಯಿಂದ ಒಳಗೆ ಹೋದರೆ ಸಿಗುವ ಒಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆ. ಅಪ್ಪ ಲಾರಿ ಓಡಿಸಿಕೊಂಡು ಮಂಗಳೂರು ಕಡೆಯೇ ಇರುತ್ತಾನೆ. ಮನೆಯಲ್ಲಿ ಸರ್ಕಾರ ಅವ್ವನದು. ಪಿಯುಸಿ ನನಗೂ, ನಾನು ಪಿಯುಸಿಗೂ ಹೊಂದದೆ ಬೇರೆಯಾದ ಮೇಲೆ ಕೆಲಸ ಹುಡುಕಿಕೊಂಡು ಮನೆಗೆ ಬಂದೆ. ಅವ್ವ ಬಾಗಿಲಲ್ಲೇ ಇಂಟರ್‌ವ್ಯೂ ಮಾಡಿದಳು.

"ಏನ್ ಕೆಲ್ಸ ಸಿಕ್ತು?"

"ಗ್ರೈಂಡರ್ ಕೆಲ್ಸ ಅವ್ವ."

"ಎಲ್ಲಿ?"

"ಬಾಳ್ಳುಪೇಟೇಲಿ. ಹೈವೇ ಮೇಲೆ ಹೋಟ್ಲು ಐತಲ್ಲ, ಅದರ ಹಿಂದೆ."

ಅವ್ವ ಸ್ವಲ್ಪ ಯೋಚನೆ ಮಾಡಿದಳು. "ಕೈ ತೊಳ್ಕಂಡು ಮುಟ್ಟು. ತಿನ್ನೋ ಪದಾರ್ಥ."

"ಹೂಂ ಅವ್ವ."

ಗಮನಿಸಿ, ನಾನು ಒಂದಕ್ಷರ ಸುಳ್ಳು ಹೇಳಿಲ್ಲ. ಶಾಪು ಇದ್ದದ್ದು ಹೋಟೆಲಿನ ಹಿಂದೆಯೇ. ಹೋಟೆಲಿನಲ್ಲಿ ಅಂತ ನಾನು ಎಲ್ಲಾದರೂ ಅಂದೆನೇ?

ಬಿಡಿಸಿ ಹೇಳದಿರಲು ಕಾರಣ ಇತ್ತು. ಅವ್ವನ ತಮ್ಮ, ನನ್ನ ಮಂಜ ಮಾವ, ಹಿಂದೆ ಹಾಸನದಲ್ಲಿ ಗೇಟು ಮಾಡುವ ಶಾಪಿನಲ್ಲಿದ್ದವನು. ಇದೇ ಮಷೀನಿನ ಚಕ್ರ ಒಡೆದು ಚೂರೊಂದು ಅವನ ಎಡಗಣ್ಣಿಗೆ ಹೊಕ್ಕಿತು. ಕಣ್ಣು ಉಳಿಯಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಅವ್ವ ಒಂದು ಮಾತು ಹೇಳಿದ್ದಳು: "ಕಬ್ಬಿಣ ಕೊಯ್ಯೋ ಮಷೀನ್ನ ನಮ್ಮನೇಲಿ ಇನ್ನೊಬ್ಬ ಮುಟ್ಟಿದ್ರೆ ಆವತ್ತೇ ಅವನ ಕೆಲ್ಸ ಕೊನೆ." ಅವ್ವ ಒಮ್ಮೆ ಹೇಳಿದ ಮಾತಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರೂ ಎದುರಾಡುವುದಿಲ್ಲ. ನನಗೋ, ಆ ಶಾಪಿನ ಮುಂದೆ ಮೊದಲ ಸಲ ಕಿಡಿಗಳ ಹಳದಿ ಬಾಲ ನೋಡಿದ ಮೇಲೆ ಬೇರೆ ಯಾವ ಕೆಲಸವೂ ಬೇಡವಾಗಿತ್ತು. ಹಾಗಾಗಿ ಲೆಕ್ಕ ಸರಳ. ಎರಡು ಗ್ರೈಂಡರಿಗೂ ಇರುವ ವ್ಯತ್ಯಾಸ ಅವ್ವನಿಗೆ ಗೊತ್ತಾದ ದಿನ ನಾನು ಮನೆಯಲ್ಲಿ.

ಶಾಪಿನ ಯಜಮಾನರು ರಫೀಕ್ ಭಾಯ್. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಸದಾ ಸೀಮೆಸುಣ್ಣ. ಕಬ್ಬಿಣದ ಮೇಲೂ ಅದರಲ್ಲೇ ಗೀಟು ಹಾಕುತ್ತಿದ್ದರು, ನಮ್ಮ ತಪ್ಪಿಗೆ ನಮ್ಮ ಬೆನ್ನ ಮೇಲೂ ಅದರಲ್ಲೇ ಗೀಟು ಹಾಕುತ್ತಿದ್ದರು. ಸಂಜೆ ಯಾರ ಅಂಗಿ ಹೆಚ್ಚು ಬೆಳ್ಳಗಿದೆಯೋ ಅವನು ಆ ದಿನದ ದಡ್ಡ. ನನ್ನ ಅಂಗಿಯನ್ನು ದೂರದಿಂದ ನೋಡಿದವರು ಮೇಷ್ಟ್ರ ಮಗ ಅಂದುಕೊಳ್ಳುತ್ತಿದ್ದರು.

ಅವರು ಶುರುವಿನಲ್ಲಿ ನನಗೆ ಕೊಟ್ಟದ್ದು ಪ್ಲಗ್ ಹಾಕದ ಗ್ರೈಂಡರು. ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುವುದೇ ಕೆಲಸ. ಒಂದು ಕೈ ಹಿಂದೆ ಮಷೀನಿನ ಮೈ ಮೇಲೆ, ಇನ್ನೊಂದು ಪಕ್ಕದ ಹ್ಯಾಂಡಲ್ ಮೇಲೆ.

"ಭಾಯ್, ಕರೆಂಟ್ ಯಾವಾಗ ಕೊಡ್ತೀರಾ?"

"ನಿಂಗೆ ನಿಲ್ಲೋಕೆ ಬಂದ್ಮೇಲೆ."

"ನಿಂತೇ ಇದೀನಲ್ಲ."

"ಬಸ್ ಕಾಯೋನ್ ತರ ನಿಂತಿದೀಯ. ಚಕ್ರದ ಎದುರಿಗೆ ನಿಲ್ಬೇಡ, ಪಕ್ಕಕ್ಕೆ ಸರಿ. ಅದು ಒದ್ರೆ ಗೋಡೆಗೆ ಒದೀಲಿ, ನಿಂಗೆ ಯಾಕೆ ಒದೀಬೇಕು?"

ಕರೆಂಟ್ ಇಲ್ಲದ ಮಷೀನಿಗೆ ಶಬ್ದ ನಾನೇ ಕೊಡಬೇಕಿತ್ತು. ಬಾಯಲ್ಲಿ ಗುಂಯ್ ಅನ್ನುತ್ತಾ ಗಾಳಿ ಕತ್ತರಿಸುತ್ತಿದ್ದೆ. ಹೋಟೆಲಿಗೆ ಟೀ ಕುಡಿಯಲು ನಿಂತ ಲಾರಿ ಡ್ರೈವರುಗಳು ಗ್ಲಾಸು ಹಿಡಿದುಕೊಂಡು ಹಿಂದೆ ಬಂದು ನೋಡುತ್ತಿದ್ದರು. ಒಬ್ಬ ಅಂತೂ, "ಸೌಂಡ್ ಸ್ವಲ್ಪ ಜಾಸ್ತಿ ಕೊಡೋ, ಇಂಜಿನ್ ಎಳೀತಿಲ್ಲ" ಅಂದ. ನಾನು ಜಾಸ್ತಿ ಕೊಟ್ಟೆ. ಕಲಾವಿದನಿಗೆ ಪ್ರೇಕ್ಷಕರು ಮುಖ್ಯ.

ರಫೀಕ್ ಭಾಯ್ ಹೇಳಿಕೊಟ್ಟ ಪಾಠಗಳೆಲ್ಲ ಬೈಗುಳದ ರೂಪದಲ್ಲೇ ಇದ್ದವು, ಅದಕ್ಕೇ ಮರೆತಿಲ್ಲ. ಮಷೀನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಕಬ್ಬಿಣಕ್ಕೆ ತಾಗಿಸು. ಆಫ್ ಮಾಡಿದ ಮೇಲೂ ಚಕ್ರ ತಿರುಗುತ್ತಲೇ ಇರುತ್ತದೆ, ನಿಂತ ಮೇಲೆ ಕೆಳಗಿಡು. "ಮಗು ನಿದ್ದೆ ಹೋಗೋ ಮುಂಚೆ ತೊಟ್ಟಿಲಿಗೆ ಹಾಕಿದ್ರೆ ಏನಾಗ್ತದೆ? ಅರಚ್ತದೆ. ಇದು ಅರಚೋದಷ್ಟೇ ಅಲ್ಲ, ಕಾಲಿಗೂ ಬರ್ತದೆ." ಕತ್ತರಿಸುವ ತೆಳು ಚಕ್ರದ ಪಕ್ಕದಿಂದ ಉಜ್ಜಬೇಡ, ಉಜ್ಜಲು ದಪ್ಪ ಚಕ್ರ ಬೇರೆ ಇದೆ. ಕೆಳಗೆ ಬಿದ್ದ ಚಕ್ರವನ್ನು ಮತ್ತೆ ಹಾಕಬೇಡ, ಬಿರುಕು ಕಣ್ಣಿಗೆ ಕಾಣುವುದಿಲ್ಲ. ಚಕ್ರ ಬದಲಿಸುವಾಗ ಪ್ಲಗ್ ಕಿತ್ತು ಕಣ್ಣ ಮುಂದೆ ಇಟ್ಟುಕೋ. ಎಲ್ಲೋ ಗೋಡೆಯಲ್ಲಿ ಆಫ್ ಮಾಡಿದ್ದೇನೆ ಅನ್ನುವ ಮಾತು ಬೇಡ.

ಎಲ್ಲಕ್ಕಿಂತ ಹೆಚ್ಚು ಸಲ ಬೈಸಿಕೊಂಡದ್ದು ಸ್ವಿಚ್ಚಿಗಾಗಿ. ನಮ್ಮ ಗ್ರೈಂಡರಿನ ಸ್ವಿಚ್ಚು ಮುಂದಕ್ಕೆ ತಳ್ಳಿದರೆ ಅಲ್ಲೇ ಕಚ್ಚಿಕೊಂಡು ಕೂರುವ ಜಾತಿಯದು. ಕೈ ಬಿಟ್ಟರೂ ಆನ್ ಆಗಿಯೇ ಇರುತ್ತದೆ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಅನ್ನುವುದನ್ನು ಮೋಡವೂ ಹೇಳಲಾರದು.

"ಕರೆಂಟ್ ಹೋದ್ರೆ ಮೊದ್ಲು ಸ್ವಿಚ್ ಹಿಂದಕ್ಕೆ ಎಳಿ," ಅನ್ನುತ್ತಿದ್ದರು ಭಾಯ್. "ಕರೆಂಟು ಹೇಳಿ ಹೋಗಲ್ಲ, ಹೇಳಿ ಬರೋದೂ ಇಲ್ಲ."

ಇದನ್ನು ಕಿರಿಯರು ಗಟ್ಟಿಯಾಗಿ ನೆನಪಿಡಿ. ನಾವು ಇಟ್ಟಿರಲಿಲ್ಲ.

ಇನ್ನು ಮನೆ ಕಡೆಯ ಸಮಸ್ಯೆ. ಗ್ರೈಂಡರ್ ಕೆಲಸದ ಮಗ ಮನೆಗೆ ಹಿಟ್ಟು ತರಬೇಕು ಅನ್ನುವುದು ಅವ್ವನ ನ್ಯಾಯ. ಹೋಟೆಲಿನ ಅಡಿಗೆ ಭಟ್ಟರ ಜೊತೆ ಒಂದು ಒಪ್ಪಂದ ಮಾಡಿಕೊಂಡೆ. ಅವರ ಕತ್ತಿ, ಈಳಿಗೆಮಣೆಗಳನ್ನು ಹರಿತ ಮಾಡಿ ಕೊಡುತ್ತಿದ್ದೆ, ಅವರು ಸಂಜೆ ಒಂದು ಡಬ್ಬಿ ಹಿಟ್ಟು ಕೊಡುತ್ತಿದ್ದರು. ಅವ್ವ ಆ ಹಿಟ್ಟಿನಲ್ಲಿ ಬೆರಳದ್ದಿ ನೋಡಿ ನನ್ನ ಕೆಲಸಕ್ಕೆ ಮಾರ್ಕ್ಸ್ ಕೊಡುತ್ತಿದ್ದಳು.

"ಇವತ್ತು ಉದ್ದು ಜಾಸ್ತಿ ಆಗೈತೆ. ಎತ್ತಾಗ್ ನೋಡ್ತಾ ರುಬ್ತೀಯೋ?"

ಮಾರನೇ ದಿನ ನಾನು ಭಟ್ಟರ ಹತ್ತಿರ ಹೋಗಿ, "ಭಟ್ರೇ, ಉದ್ದು ಜಾಸ್ತಿ ಆಗ್ತೈತೆ" ಅಂದೆ.

"ಕಬ್ಬಿಣ ಕೊಯ್ಯೋನು ನಂಗೆ ಉದ್ದಿನ ಲೆಕ್ಕ ಹೇಳ್ತೀಯೇನೋ?"

"ನಾನಲ್ಲ ಭಟ್ರೇ, ಮೇಲಿಂದ ಆರ್ಡ್ರು."

ಭಟ್ಟರು ಬೈದರು, ಆದರೆ ಉದ್ದು ಕಮ್ಮಿ ಮಾಡಿದರು. ಹೀಗೆ ಅವ್ವ ಎಸ್ಟೇಟಿನಲ್ಲಿ ಕಾಫಿ ಕುಯ್ಯುತ್ತಲೇ ಹೈವೇ ಹೋಟೆಲಿನ ದೋಸೆಯನ್ನು ತಿದ್ದಿದಳು. ಆಮೇಲೆ ಆ ಹೋಟೆಲಿನ ಮುಂದೆ ಬಸ್ಸುಗಳು ಸಾಲುಗಟ್ಟಿ ನಿಲ್ಲತೊಡಗಿದವು. ಬೇಕಾದರೆ ಹೋಗಿ ನೋಡಿ.

ಅಂಗಿಯಲ್ಲಿ ಕಿಡಿ ಬಿದ್ದು ಸಾಸಿವೆಯಷ್ಟಷ್ಟು ತೂತು. ನಾನು ಒಗ್ಗರಣೆ ಸಿಡಿಯಿತು ಅಂದೆ. "ಒಗ್ಗರಣೇನ ಎದೆ ಮೇಲೆ ಇಟ್ಕಂಡ್ ಹಾಕ್ತಾರೇನೋ?" ಅಂತ ಅವ್ವ ದಪ್ಪ ಹತ್ತಿ ಬಟ್ಟೆಯ ಅಂಗಿ ಹೊಲಿಸಿಕೊಟ್ಟಳು. ನೈಲಾನಿನದಾದರೆ ಕಿಡಿಗೆ ಕರಗಿ ಮೈಗೆ ಅಂಟುತ್ತದೆ, ಹತ್ತಿಯೇ ಸರಿ ಅಂತ ಭಾಯ್ ಮೊದಲೇ ಹೇಳಿದ್ದರು. ನಾನು ಹಣೆ ಮುಚ್ಚುವಷ್ಟು ಕೂದಲು ಬಿಟ್ಟಿದ್ದೆ. "ಹಿಟ್ಟಿಗೆ ಕೂದಲು ಬಿದ್ರೆ ಮರ್ಯಾದೆ ಹೋಗ್ತದೆ" ಅಂತ ಅವ್ವ ಹಳೇ ಸೀರೆಯಲ್ಲಿ ಬಿಗಿಯಾದ ಟೋಪಿ ಹೊಲಿದಳು. ಅದನ್ನು ಹಾಕಿಕೊಂಡು ಹೋದಾಗ ರಫೀಕ್ ಭಾಯ್ ತಿರುಗಿಸಿ ತಿರುಗಿಸಿ ನೋಡಿ, "ನಿಮ್ಮವ್ವಂಗೆ ಕೆಲ್ಸ ಗೊತ್ತು ಕಣೋ" ಅಂದರು. ನಾನು ಟೋಪಿಯನ್ನು ಕಿವಿ ತನಕ ಎಳೆದುಕೊಂಡೆ.

ಶಾಪಿನಲ್ಲಿ ನನಗಿಂತ ಹಿರಿಯ ಒಬ್ಬನೇ, ಸಿದ್ದಣ್ಣ. ಗರಗಸದಲ್ಲಿ ಕಬ್ಬಿಣ ಕುಯ್ಯುತ್ತಿದ್ದ ಕಾಲದಿಂದ ಇದ್ದವನು. ಗ್ರೈಂಡರ್ ಬಂದದ್ದನ್ನು ಮೊಬೈಲ್ ಬಂದದ್ದಕ್ಕಿಂತ ದೊಡ್ಡ ಸಂಗತಿ ಅನ್ನುತ್ತಿದ್ದ. ಅವನಿಗೆ ಎರಡು ಚಟ. ಒಂದು, ಚಕ್ರದ ಮೇಲಿನ ಗಾರ್ಡ್ ಬಿಚ್ಚಿಡುವುದು. "ಗಾರ್ಡ್ ಇದ್ರೆ ಗೀಟು ಕಾಣಲ್ಲ ಮಾರಾಯ." ಎರಡು, ಹೆಗಲ ಮೇಲಿನ ಟವೆಲ್ಲು. ಅದು ಅವನ ಬೆವರಿಗೆ, ಬಿಸಿಲಿಗೆ, ಚಳಿಗೆ, ಊಟದ ಕೈಗೆ, ಎಲ್ಲಕ್ಕೂ.

ಒಂದು ದಿನ ಬಗ್ಗಿ ಕಬ್ಬಿಣದ ಆಂಗಲ್ ಪಟ್ಟಿ ಕತ್ತರಿಸುವಾಗ ಟವೆಲ್ಲಿನ ತುದಿ ಜಾರಿ ಚಕ್ರಕ್ಕೆ ಸಿಕ್ಕಿತು. ನೂಲು ಸುತ್ತಿದ ಹಾಗೆ ಸುತ್ತಿಕೊಳ್ಳುತ್ತಾ ಗ್ರೈಂಡರು ಸಿದ್ದಣ್ಣನ ಎದೆ ಹತ್ತಿ ಗಲ್ಲದ ತನಕ ಬಂತು. ಭಾಯ್ ಹಾರಿ ಪ್ಲಗ್ ಕಿತ್ತರು. ನಿಂತು ನೋಡಿದರೆ ಮಷೀನು ಟವೆಲ್ ಹೊದ್ದು ಸಿದ್ದಣ್ಣನ ಗದ್ದಕ್ಕೆ ಒರಗಿತ್ತು, ಎಡಗಡೆ ಮೀಸೆ ಇರಲಿಲ್ಲ. ಚರ್ಮಕ್ಕೆ ಒಂದು ಗೀರೂ ಇಲ್ಲ. ಸಿದ್ದಣ್ಣ ನೇರ ಕ್ಷೌರದಂಗಡಿಗೆ ಹೋಗಿ ಬಲಗಡೆಯದನ್ನೂ ತೆಗೆಸಿಕೊಂಡು, ಮನೆಯಲ್ಲಿ ಹರಕೆ ಅಂದನಂತೆ. ಮೀಸೆಯನ್ನು ಮಾತ್ರ ಕೇಳುವ ದೇವರು ಯಾವುದು ಅಂತ ಅವನ ಹೆಂಡತಿ ಇವತ್ತಿಗೂ ಕೇಳುತ್ತಿದ್ದಾಳೆ.

ಭಾಯ್ ಅವತ್ತೇ ಬಾಗಿಲ ಪಕ್ಕ ಒಂದು ದೊಡ್ಡ ಮೊಳೆ ಹೊಡೆದರು. "ಟವೆಲ್ಲು, ಶಾಲು, ದಾರ, ಸರ, ಏನಿದ್ರೂ ಇಲ್ಲಿ. ಕೊರಳಲ್ಲಿ ನೇತಾಡೋದು ಇದ್ದೋನು ಒಳಗೆ ಬರಂಗಿಲ್ಲ. ನನ್ನಪ್ಪ ಬಂದ್ರೂ ಸೈ." ಗಾರ್ಡನ್ನು ಮಾತ್ರ ಅವರೇ ಹಾಕಿ ನಟ್ ಬಿಗಿದರು. ಆ ಮೊಳೆಯನ್ನು ನೆನಪಿಟ್ಟುಕೊಳ್ಳಿ.

ಜೀಪಿನ ಗಾಜಿನ ಪ್ರಕರಣದಲ್ಲಿ ನಾಯಕ ನಾನೇ. ಯಸಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಸ್ಟೋರಿನ ಬಾಗಿಲು ಕೂರಿಸಲು ಹೋಗಿದ್ದೆವು. ಕಿಡಿ ಎತ್ತ ಹಾರುತ್ತದೆ ನೋಡಿಕೊಂಡು ನಿಲ್ಲಬೇಕು ಅನ್ನುವುದು ನಿಯಮ. ನಾನು ನೋಡಿಕೊಂಡೆ. ಗೋಣಿಚೀಲಗಳ ಕಡೆ ಹಾರಿದರೆ ಬೆಂಕಿ ಹೊತ್ತುತ್ತದೆ ಅಂತ ತಿರುಗಿ ನಿಂತೆ. ತಿರುಗಿದ ಕಡೆ ಎಸ್ಟೇಟಿನ ಯಜಮಾನರ ಜೀಪಿತ್ತು. ಕಬ್ಬಿಣದ ಕಿಡಿ ಗಾಜಿಗೆ ತಾಗಿದರೆ ಅಲ್ಲೇ ಅಂಟಿ ಕೂರುತ್ತದೆ ಅಂತ ಆವರೆಗೆ ನನಗೆ ಗೊತ್ತಿರಲಿಲ್ಲ. ಸಂಜೆ ಹೊತ್ತಿಗೆ ಗಾಜಿನ ತುಂಬ ರಾಗಿ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ.

ಯಜಮಾನರು ಜೀಪು ಹತ್ತಿದರು. ಗಾಜು ನೋಡಿದರು. "ಮಂಜು ಬೇಗ ಇಳಿದ್ಬುಡ್ತು ಇವತ್ತು" ಅಂದರು. ವೈಪರ್ ಹಾಕಿದರು. ವೈಪರ್ ಆ ಕಡೆ ಈ ಕಡೆ ಗರಗರ ಅಂತ ಹೋಗಿ ಬಂತು. "ಗಟ್ಟಿ ಮಂಜು" ಅಂದರು. ಲೈಟ್ ಹಾಕಿ, ಹಾರ್ನ್ ಹೊಡೆಯುತ್ತಾ, ನಿಚ್ಚಳ ಬಿಸಿಲಿನಲ್ಲಿ ನಿಧಾನವಾಗಿ ಹೋದರು. ಸಿದ್ದಣ್ಣನೂ ನಾನೂ ಕೈಕಟ್ಟಿ ಆಕಾಶ ನೋಡುತ್ತಾ ನಿಂತಿದ್ದೆವು. ಮಾರನೇ ದಿನ ರಫೀಕ್ ಭಾಯ್ ಹೊಸ ಗಾಜು ಹಾಕಿಸಿಕೊಟ್ಟು ಬಂದರು. ಆವತ್ತು ನನ್ನ ಅಂಗಿ ಮೇಲೆ ಗೀಟು ಹಾಕಲು ಜಾಗ ಸಾಲದೆ ಪ್ಯಾಂಟಿಗೂ ಬಂದರು.

ಎಲ್ಲವೂ ನಗುವಂಥದ್ದೇ ಇರಲಿಲ್ಲ. ಒಂದು ಪೈಪನ್ನು ಎರಡು ಕಲ್ಲಿನ ಮೇಲಿಟ್ಟು ನಡುವೆ ಕತ್ತರಿಸುತ್ತಿದ್ದೆ. ತಪ್ಪು ಅಲ್ಲೇ ಇತ್ತು. ಕತ್ತರಿಸುತ್ತಾ ಹೋದ ಹಾಗೆ ಪೈಪು ನಡುವೆ ಕುಸಿದು ಚಕ್ರವನ್ನು ಕಚ್ಚಿ ಹಿಡಿಯುತ್ತದೆ. ಕತ್ತರಿಸುವ ತುದಿ ಕಲ್ಲಿನಿಂದ ಆಚೆ ಇದ್ದು ತಾನಾಗಿ ಕೆಳಗೆ ಬೀಳುವ ಹಾಗಿರಬೇಕಿತ್ತು. ಗ್ರೈಂಡರು ಎಮ್ಮೆ ಕರು ಒದ್ದ ಹಾಗೆ ಒದೆಯಿತು. ಎರಡೂ ಕೈಯಲ್ಲಿ ಹಿಡಿದಿದ್ದೆ, ಕೈ ಬಿಡಲಿಲ್ಲ. ಚಕ್ರ ಒಡೆಯಿತು. ಚೂರುಗಳು ಗಾರ್ಡಿಗೆ ಬಡಿದ ಸದ್ದು ಕೇಳಿತು. ಆಮೇಲೆ ಮುಖದ ಹತ್ತಿರ ಟಕ್ ಅಂತ ಇನ್ನೊಂದು ಸದ್ದು.

ಕಿಡಿಗೆ ಮರೆಯಾಗಿ ಭಾಯ್ ಹಾಕಿಸುತ್ತಿದ್ದ ಕನ್ನಡಕ ತೆಗೆದು ನೋಡಿದೆ. ಎಡಗಡೆ ಗಾಜಿನಲ್ಲಿ, ಸರಿಯಾಗಿ ನಡುವೆ, ಉಗುರು ಇಳಿಯುವಷ್ಟು ಆಳದ ಗಾಯ.

ಆ ಸಂಜೆ ಮಂಜ ಮಾವ ಮನೆಗೆ ಬಂದಿದ್ದ. ಅವ್ವ ಒಳಗೆ ನನ್ನ ಹಿಟ್ಟಿನಲ್ಲಿ ದೋಸೆ ಹುಯ್ಯುತ್ತಿದ್ದಳು. ಮಾವ ನನ್ನ ತೋಳು ಮೂಸಿದ.

"ಧನು, ದೋಸೆ ಹಿಟ್ಟು ಈ ವಾಸ್ನೆ ಬರಲ್ಲ ಕಣೋ."

ನಾನು ಜೇಬಿನಿಂದ ಕನ್ನಡಕ ತೆಗೆದು ಕೊಟ್ಟೆ. ಅವನು ಒಂದು ಕಣ್ಣಿನಿಂದ ಅದನ್ನು ಬಹಳ ಹೊತ್ತು ನೋಡಿದ. ಬೆರಳಲ್ಲಿ ಆ ಗಾಯವನ್ನು ಸವರಿದ.

"ನನ್ನ ಹತ್ರಾನೂ ಇತ್ತು ಕನ್ನಡಕ," ಅಂದ. "ಹಣೆ ಮೇಲೆ ಏರಿಸ್ಕಂಡಿದ್ದೆ. ಸೆಕೆ ಆಗ್ತೈತೆ ಅಂತ. ಕಣ್ಣು ಹೋಯ್ತು, ಕನ್ನಡಕಕ್ಕೆ ಒಂದು ಗೀರೂ ಬೀಳ್ಲಿಲ್ಲ. ಇವತ್ತಿಗೂ ಹೊಸದರ ಹಂಗೇ ಐತೆ."

"ಅವ್ವಂಗೆ ಹೇಳ್ತೀಯಾ ಮಾವ?"

"ಕನ್ನಡಕ ಹಣೆಗೆ ಏರಿದ ದಿನ ಹೇಳ್ತೀನಿ."

ಒಳಗಿಂದ ಅವ್ವ, "ಏನ್ರೋ ಅದು ಗುಸುಗುಸು?" ಅಂದಳು. "ಹಿಟ್ಟು ಚೆನ್ನಾಗೈತೆ ಅಂತಿದ್ದೆ ಅಕ್ಕಾ" ಅಂದ ಮಾವ. ಅಲ್ಲಿಂದ ಮುಂದೆ ಮುಖಕ್ಕೆ ಗಾಜಿನಂಥ ಮರೆಯೂ ಬಂತು, ಕನ್ನಡಕದ ಮೇಲೆ ಅದೂ. ಕಿರಿಯರೇ, ಸೆಕೆ ಆಗುತ್ತದೆ. ಆಗಲಿ.

ಇನ್ನು ಆಯುಧಪೂಜೆ. ರಫೀಕ್ ಭಾಯ್ ಪ್ರತಿವರ್ಷ ಶಾಪನ್ನು ಸಿದ್ದಣ್ಣನ ಕೈಗೆ ಕೊಟ್ಟುಬಿಡುತ್ತಾರೆ. "ನಿಮ್ ಪೂಜೆ ನಿಮ್ಗೆ, ಪುರಿ ಕಡ್ಲೆ ನಂಗೆ" ಅನ್ನುವುದು ಅವರ ಒಪ್ಪಂದ. ಆವತ್ತು ಬೆಳಗ್ಗೆ ಹೊರಡುವಾಗ ಅವ್ವ ಅಂಗಳದಲ್ಲಿ ಚೆಂಡುಹೂ ರಾಶಿ ಹಾಕಿಕೊಂಡು ಕೂತಿದ್ದಳು. ಲೈನಿನ ಪಂಪ್‌ಸೆಟ್ಟಿಗೆ, ರೈಟರ ಬೈಕಿಗೆ ಇರಬೇಕು ಅಂದುಕೊಂಡೆ. ಕೇಳಲಿಲ್ಲ. ಕೇಳಬೇಕಿತ್ತು.

ಶಾಪು ತೊಳೆದೆವು. ಪೂಜೆಗೆ ಮುಂಚೆ, ಸಾಮಾನು ಇಡುವ ಮಣೆಗೆ ಹಾಕಲು ಒಂದು ಕಬ್ಬಿಣದ ಪಟ್ಟಿ ಚಿಕ್ಕದಾಗಬೇಕಿತ್ತು. ನಾನು ಗ್ರೈಂಡರ್ ಆನ್ ಮಾಡಿದೆ, ಪಟ್ಟಿಗೆ ತಾಗಿಸಬೇಕು, ಕರೆಂಟು ಹೋಯಿತು. "ಬುಡು, ಪೂಜೆ ಆಗ್ಲಿ" ಅಂದ ಸಿದ್ದಣ್ಣ. ಗ್ರೈಂಡರನ್ನು ನನ್ನ ಕೈಯಿಂದ ತಗೊಂಡು, ಒರೆಸಿ, ಬಾಳೆಲೆ ಮೇಲೆ ಮಲಗಿಸಿದ. ವಿಭೂತಿ ಬಳಿದ. ಕುಂಕುಮ ಇಟ್ಟ. ಚೆಂಡುಹೂವಿನ ಹಾರ ಸುತ್ತಿದ. ಮುಂದೆ ಪುರಿ ಕಡ್ಲೆಯ ಗುಡ್ಡೆ, ನಿಂಬೆಹಣ್ಣು, ಒಂದು ತಟ್ಟೆ ತುಂಬ ಕುಂಕುಮದ ನೀರು. ಗ್ರೈಂಡರು ಮದುವೆ ಗಂಡಿನ ಹಾಗೆ ಕಾಣುತ್ತಿತ್ತು. ಸಿದ್ದಣ್ಣ ಕರ್ಪೂರ ಹಚ್ಚಿದ. ಆಗ ನನಗೆ ನೆನಪಾಯಿತು.

"ಅಣ್ಣಾ, ಸ್ವಿಚ್ಚು ಆನಲ್ಲೇ ಐತೆ."

"ಕುಂಕುಮ ಇಟ್ಟಾಯ್ತು. ಈಗ ಮುಟ್ಟಂಗಿಲ್ಲ."

"ಕರೆಂಟ್ ಬಂದ್ರೆ?"

"ಬರಲ್ಲ ಕಣೋ. ಹಬ್ಬದ ದಿನ ಎಲ್ಲಿ ಬರ್ತದೆ?"

"ಪ್ಲಗ್ ಆದ್ರೂ ಕೀಳ್ತೀನಿ."

"ಪ್ಲಗ್ಗಿಗೂ ಇಟ್ಟಿದೀನಿ ಕುಂಕುಮ."

ನೋಡಿದೆ. ಇಟ್ಟಿದ್ದ. ಸಿದ್ದಣ್ಣ ಯಾವುದನ್ನೂ ಬಿಟ್ಟಿರಲಿಲ್ಲ. ಮೇನ್ ಸ್ವಿಚ್ಚಿನ ಹಿಡಿಗೂ ಮೂರು ಗೆರೆ ವಿಭೂತಿ, ನಡುವೆ ಬೊಟ್ಟು. ಶಾಪಿನಲ್ಲಿ ಮುಟ್ಟಬಹುದಾದ ವಸ್ತು ನಾನೊಬ್ಬನೇ ಉಳಿದಿದ್ದೆ. ನಾನು ಮೆಲ್ಲಗೆ ಚಕ್ರದ ಎದುರಿನಿಂದ ಪಕ್ಕಕ್ಕೆ ಸರಿದೆ, ಸಿದ್ದಣ್ಣನ ಅಂಗಿ ಹಿಡಿದು ಅವನನ್ನೂ ಎಳೆದುಕೊಂಡೆ. ಕನ್ನಡಕ ಹಾಕಿಕೊಂಡೆ. "ಪೂಜೇಲಿ ಕನ್ನಡಕ ಏನ್ಲಾ?" ಅಂದ. "ದೇವರ ತೇಜಸ್ಸು ಅಣ್ಣಾ" ಅಂದೆ.

ಅದೇ ಹೊತ್ತಿಗೆ ಮುಂದಿನ ಹೋಟೆಲಿನಲ್ಲಿ ನಡೆಯುತ್ತಿದ್ದದ್ದು ನನಗೆ ಆಮೇಲೆ ಭಟ್ಟರಿಂದ ಗೊತ್ತಾಯಿತು. ಒಬ್ಬ ಹೆಂಗಸು ದೊಡ್ಡ ಬುಟ್ಟಿ ಹೊತ್ತುಕೊಂಡು ಬಂದು ಕೇಳಿದಳಂತೆ.

"ಗ್ರೈಂಡರ್ ಎಲ್ಲೈತೆ ಸ್ವಾಮಿ? ಪೂಜೆಗೆ ಹೂವ ತಂದೀನಿ."

"ನಮ್ದಾ, ಹಿಂದಿನೋರ್ದಾ?"

"ನನ್ನ ಮಗ ಧನು ಮಾಡ್ತಾನಲ್ಲ, ಅದು."

"ಓ, ಧನು ಗ್ರೈಂಡರಾ? ಹಿಂದೆ ಹೋಗಿ ತಾಯಿ."

ಭಟ್ಟರೂ ಒಂದಕ್ಷರ ಸುಳ್ಳು ಹೇಳಲಿಲ್ಲ.

ಸಿದ್ದಣ್ಣ ಮಂಗಳಾರತಿ ಎತ್ತಿದ. ನಾನು ಗಂಟೆ ಬಾರಿಸಿದೆ. ಕರೆಂಟು ಬಂತು.

ಮೊದಲು ಹಾರ ಹೋಯಿತು. ಹೂವು ಹೂವಾಗಿ ಅಲ್ಲ, ಹಳದಿ ಹೊಗೆಯಾಗಿ. ಆಮೇಲೆ ಗ್ರೈಂಡರು ಎದ್ದಿತು, ಪುರಿಯ ಗುಡ್ಡೆಯೊಳಗೆ ಮೂತಿ ಹಾಕಿತು, ಮಳೆಗಾಲದ ಮೊದಲ ಆಲಿಕಲ್ಲಿನ ಹಾಗೆ ತಗಡಿನ ಮಾಡಿಗೆ ಪುರಿ ಕಡ್ಲೆ ಬಡಿಯಿತು. ನಿಂಬೆಹಣ್ಣು ಎರಡಾಯಿತು, ಅಷ್ಟು ಸಮನಾಗಿ ನಾನು ಯಾವತ್ತೂ ಯಾವುದನ್ನೂ ಕತ್ತರಿಸಿಲ್ಲ. ಕುಂಕುಮದ ತಟ್ಟೆ ಮಗುಚಿ ಆ ನೀರೆಲ್ಲ ನನ್ನ ಮುಖ, ಕನ್ನಡಕ, ಎದೆಯ ಮೇಲೆ. ಸಿದ್ದಣ್ಣ ಆರತಿ ತಟ್ಟೆ ಸಮೇತ ಡ್ರಮ್ಮಿನ ಹಿಂದೆ ಕೂತು, "ತಾಯಿ ಮೈದುಂಬಿದ್ಲು, ತಾಯಿ ಮೈದುಂಬಿದ್ಲು" ಅನ್ನುತ್ತಿದ್ದ. ಗ್ರೈಂಡರು ಏಡಿಯ ಹಾಗೆ ಅಡ್ಡಡ್ಡ ಓಡುತ್ತಾ ಬಾಗಿಲ ಕಡೆ ಹೊರಟಿತು. ವೈರು ಬಿಗಿಯಾಯಿತು. ತನ್ನ ಪ್ಲಗ್ಗನ್ನು ತಾನೇ ಕಿತ್ತುಕೊಂಡಿತು. ನಾವು ಮಾಡದ ಕೆಲಸವನ್ನು ಕೊನೆಗೆ ಅದೇ ಮಾಡಿತು. ಗುಂಯ್ ಅನ್ನುವುದು ಇಳಿಯುತ್ತಾ ಇಳಿಯುತ್ತಾ ಬಾಗಿಲಲ್ಲಿ ಎರಡು ಕಾಲುಗಳ ಮುಂದೆ ಬಂದು ನಿಂತಿತು.

ಕಾಲುಗಳು ಅವ್ವನವು.

ತಲೆ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಹಾರ. ಹೋಟೆಲಿನ ರುಬ್ಬುವ ಕಲ್ಲಿನ ಅಳತೆಗೆ ಕಟ್ಟಿದ್ದು, ಅಷ್ಟು ದಪ್ಪ, ಅಷ್ಟು ಉದ್ದ. ಹಿಂದೆ ರಫೀಕ್ ಭಾಯ್, ಅವರ ಹಿಂದೆ ಸೌಟು ಹಿಡಿದ ಭಟ್ಟರು.

ಅವ್ವ ಮಷೀನು ನೋಡಲಿಲ್ಲ. ಮೈಯೆಲ್ಲ ಕೆಂಪಾಗಿ ನಿಂತಿದ್ದ ನನ್ನನ್ನು ನೋಡಿದಳು. ಬುಟ್ಟಿ ಕೆಳಗೆ ಬಿತ್ತು. ಬಂದು ನನ್ನ ಕನ್ನಡಕ ಕಿತ್ತು, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಎಡಗಣ್ಣು ನೋಡಿದಳು. ಬಲಗಣ್ಣು ನೋಡಿದಳು. ಮತ್ತೆ ಎಡಗಣ್ಣು. ಕೆನ್ನೆ ಮೇಲಿನ ಕೆಂಪನ್ನು ಬೆರಳಲ್ಲಿ ಒರೆಸಿದಳು.

"ಕುಂಕುಮ ಅವ್ವ," ಅಂದೆ. "ಏನೂ ಆಗಿಲ್ಲ. ಗೀರೂ ಇಲ್ಲ."

ಅವ್ವ ಬೆರಳನ್ನು ಮೂಸಿ ನೋಡಿದಳು. ಉಸಿರು ಬಿಟ್ಟಳು. ಆಮೇಲೆ ಕೆಳಗೆ ನೋಡಿದಳು.

"ಇದಾ ನಿನ್ ಗ್ರೈಂಡರು?"

"ಹೂಂ. ಗ್ರೈಂಡರೇ ಅಲ್ವಾ."

"ಇಷ್ಟು ದಿನ ತಂದಿದ್ದು ಹಿಟ್ಟು?"

ಭಟ್ಟರು ಸೌಟನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಉದ್ದು ಜಾಸ್ತಿ ಅಂತ ಹೇಳಿ ಕಳಿಸ್ತಿದ್ದವರು ನೀವಾ ತಾಯಿ?" ಅಂದರು.

"ಅವ್ವ, ಕನ್ನಡಕ ಹಾಕ್ತೀನಿ, ಗಾರ್ಡ್ ಐತೆ, ನೀನೇ ಹೊಲ್ದ ಟೋಪಿ ಹಾಕ್ತೀನಿ. ಭಾಯ್ ನೀವಾದ್ರೂ ಹೇಳಿ."

"ಹುಡ್ಗ ಒಳ್ಳೆ ಕೆಲಸಗಾರ ಅಕ್ಕಾ," ಅಂದರು ಭಾಯ್. "ನನ್ನ ಮಾತು ಕೇಳ್ತಾ ಬಂದಿದಾನೆ."

"ಇದರ ಸ್ವಿಚ್ಚು ಆರ್ಸಿರ್ಲಿಲ್ಲ ಯಾಕೆ?" ಅಂದಳು ಅವ್ವ. "ನಾನು ಮಿಕ್ಸಿ ತೊಳೆಯೋಕೂ ಪ್ಲಗ್ ಕೀಳ್ತೀನಿ."

ಡ್ರಮ್ಮಿನ ಹಿಂದಿನಿಂದ ಸಿದ್ದಣ್ಣ, "ಕುಂಕುಮ ಇಟ್ಬುಟ್ಟಿದ್ದೆ ತಾಯಿ" ಅಂದ. ಭಾಯ್ ಜೇಬಿನಿಂದ ಸೀಮೆಸುಣ್ಣ ತೆಗೆದು, ಅವನನ್ನೂ ನನ್ನನ್ನೂ ನೋಡಿ, ಎಲ್ಲಿಂದ ಶುರುಮಾಡುವುದು ಗೊತ್ತಾಗದೆ ವಾಪಸ್ ಇಟ್ಟುಕೊಂಡರು.

ಅವ್ವ ಬಗ್ಗಿದಳು. ಬುಟ್ಟಿಯಿಂದ ಆ ಹಾರ ಎತ್ತಿದಳು. ಗ್ರೈಂಡರಿನ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ. ಹಾರವನ್ನು ತಂದು ನನ್ನ ಕೊರಳಿಗೆ ಹಾಕಿದಳು. ಅದು ಮೊಣಕಾಲಿನ ತನಕ ಬಂತು. ಮಾಡಿನಿಂದ ಇನ್ನೂ ಒಂದೊಂದೇ ಪುರಿ ಉದುರುತ್ತಿತ್ತು. ಸರ್ಕಾರಿ ನೌಕರರಿಗೂ ಇಂಥ ಬೀಳ್ಕೊಡುಗೆ ಆಗಿರಲಿಕ್ಕಿಲ್ಲ.

"ಬಾ ಮನೆಗೆ," ಅಂದಳು.

ನಾನು ಭಾಯ್ ಕಡೆ ನೋಡಿದೆ. ಅವರು ಬಾಗಿಲ ಪಕ್ಕದ ಮೊಳೆ ಕಡೆ ನೋಡಿದರು. ನಾನೂ ನೋಡಿದೆ. ಹಾರ ತೆಗೆದು ಅಲ್ಲಿ ನೇತುಹಾಕಿದರೆ ಸಾಕಿತ್ತು. ಆದರೆ ಅದರ ಇನ್ನೊಂದು ತುದಿ ಅವ್ವನ ಮುಷ್ಟಿಯಲ್ಲಿತ್ತು.

"ಏನ್ ಮಾಡ್ಲಿ ಧನು," ಅಂದರು ಭಾಯ್, ದಾರಿ ಬಿಟ್ಟು ನಿಲ್ಲುತ್ತಾ. "ಕೊರಳಲ್ಲಿ ನೇತಾಡೋದು ಇದ್ದೋನು ಒಳಗೆ ಇರಂಗಿಲ್ಲ."